ಆರು ಮೆಟ್ಟಿಲಿನ ಬ್ಲೂಮ್ ಚಾರ್ಟಿನಲ್ಲಿ ಏಳನೆಯದು ಎಲ್ಲಿಂದ ಬಂತು?

ಜೂನ್‌ನಲ್ಲಿ ಸ್ಟೇಷನರಿ ಅಂಗಡಿಯೊಂದರಿಂದ 160 ರೂಪಾಯಿಗೆ ಬ್ಲೂಮ್ ವರ್ಗೀಕರಣದ ಕನ್ನಡ ಚಾರ್ಟ್ ತಂದೆ. ಕಲಿಕೆಯನ್ನು ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ಪಟ್ಟಿ ಅದು, ಪ್ರತಿ ಮೆಟ್ಟಿಲಿಗೂ ಪ್ರಶ್ನೆ ಕೇಳಲು ಬೇಕಾದ ಕ್ರಿಯಾಪದಗಳಿರುತ್ತವೆ. ಸ್ಟಾಫ್ ರೂಮಿನ ಗೋಡೆಗೆ ಹಾಕಿ ನಾಲ್ಕು ತಿಂಗಳಾಯಿತು. ಲ್ಯಾಮಿನೇಶನ್ ಚೆನ್ನಾಗಿದೆ, ಮೂಲೆ ಎದ್ದಿಲ್ಲ. ಅಕ್ಷರ ದೊಡ್ಡದು, ಕನ್ನಡಕ ಇಲ್ಲದೆಯೂ ಓದಬಹುದು.

ಉಪಯೋಗ ಆಗಿದೆ, ಸುಳ್ಳು ಹೇಳಲ್ಲ. ಮೊದಲೆಲ್ಲ ಪಾಠಯೋಜನೆಯಲ್ಲಿ ‘ವಿದ್ಯಾರ್ಥಿಗಳು ನೀರು ಆವಿಯಾಗುವುದನ್ನು ತಿಳಿಯುವರು’ ಎಂದು ಬರೆದು ಮುಗಿಸುತ್ತಿದ್ದೆ. ತಿಳಿದರೋ ಇಲ್ಲವೋ ಯಾರಿಗೆ ಗೊತ್ತು? ಈಗ ಚಾರ್ಟ್ ನೋಡಿ ‘ಕಾರಣ ಕೊಡುವರು’, ‘ಊಹಿಸಿ ಹೇಳುವರು’ ಎಂದು ಬರೆಯುತ್ತೇನೆ. ಮಗು ಮಾಡಿ ತೋರಿಸುವ ಕೆಲಸ ಅದು, ಕಣ್ಣಿಗೆ ಕಾಣುತ್ತದೆ.

ಇನ್ನು ತಪ್ಪುಗಳು. ಚಾರ್ಟಿನಲ್ಲಿ ಏಳು ಮೆಟ್ಟಿಲು! 1956ರಲ್ಲಿ ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಮತ್ತು ಜೊತೆಯವರು ಮಾಡಿದ್ದು ಆರು: ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ (ಬಿಡಿಸಿ ನೋಡುವುದು), ಸಂಶ್ಲೇಷಣೆ (ಬಿಡಿ ಅಂಶ ಜೋಡಿಸುವುದು), ಮೌಲ್ಯಮಾಪನ. 2001ರಲ್ಲಿ ಆಂಡರ್ಸನ್, ಕ್ರಾಥ್‌ವೋಲ್ ತಿದ್ದಿದಾಗ ಸಂಶ್ಲೇಷಣೆಯ ಬದಲು ಸೃಜನೆ ಬಂದು ತುದಿಗೆ ಕೂತಿತು. ಮೌಲ್ಯಮಾಪನ ಒಂದು ಮೆಟ್ಟಿಲು ಇಳಿಯಿತು. ಚಾರ್ಟ್ ಮಾಡಿದವರು ಹಳೆಯದನ್ನೂ ಬಿಡದೆ ಹೊಸದನ್ನೂ ಸೇರಿಸಿದ್ದಾರೆ. ‘ಹೋಲಿಸಿ’ ಎರಡು ಮೆಟ್ಟಿಲಲ್ಲಿದೆ. ಅದು ಪರವಾಗಿಲ್ಲ, ಆ ಪದವೇ ಹಾಗೆ.

ನನಗೆ ಜಾಸ್ತಿ ಕಾಡಿದ್ದು ಬೇರೆ. ‘ಏಕೆ’ ಎಂದು ಕೇಳಿದರೆ ವಿಶ್ಲೇಷಣೆ ಅನ್ನುತ್ತದೆ ಚಾರ್ಟ್. ಸರಿ ಎಂದು ಒಂಬತ್ತನೇ ತರಗತಿಯ ಘಟಕ ಪರೀಕ್ಷೆಗೆ ‘ಮಡಕೆಯ ನೀರು ಬೇಸಿಗೆಯಲ್ಲಿ ಏಕೆ ತಂಪಾಗಿರುತ್ತದೆ?’ ಎಂದು ಕೊಟ್ಟೆ. ಯಾವ ಪ್ರಶ್ನೆ ಯಾವ ಮಟ್ಟದ್ದು ಎಂದು ತೋರಿಸುವ ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ವಿಶ್ಲೇಷಣೆಯ ಕಾಲಂಗೇ ಹಾಕಿದೆ. ಮೂವತ್ತೊಂದು ಉತ್ತರ ಪತ್ರಿಕೆಯಲ್ಲಿ ಒಂದೆರಡು ಬಿಟ್ಟರೆ ಎಲ್ಲದರಲ್ಲೂ ಒಂದೇ ವಾಕ್ಯ. ನಾನೇ ಬೋರ್ಡ್ ಮೇಲೆ ಬರೆಸಿದ ನೋಟ್ಸು, ಅಲ್ಪವಿರಾಮದ ಸಮೇತ! ಅದು ಬರೀ ಸ್ಮರಣೆ, ಅಲ್ವಾ? ಮಕ್ಕಳಿಗೆ ಏನು ಹೇಳಿಕೊಟ್ಟಿದ್ದೆ ಅನ್ನುವುದರ ಮೇಲೆ ಪ್ರಶ್ನೆಯ ಮಟ್ಟ ನಿಲ್ಲುತ್ತದೆ. ಕ್ರಿಯಾಪದ ಒಂದನ್ನೇ ನೋಡಿದರೆ ಸಿಗಲ್ಲ. ಚಾರ್ಟಿನ ಮೂಲೆಯಲ್ಲಿ ಇದನ್ನೊಂದು ಸಾಲು ಹಾಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮಾರನೇ ದಿನ ಕ್ಲಾಸಿನಲ್ಲಿ ಸುಮ್ನೆ ಕೇಳಿದೆ, ‘ಮಡಕೆಗೆ ಹೊರಗಡೆ ಆಯಿಲ್ ಪೇಂಟ್ ಹೊಡೆದರೆ?’ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನ ಹುಡುಗಿ ಎದ್ದಳು. ‘ಟೀಚರ್, ನಮ್ಮನೇಲಿ ಅಕ್ಕ ಚಂದ ಕಾಣ್ಲಿ ಅಂತ ಹೊಡೆದಿದ್ಲು. ನೀರು ತಣ್ಣಗಾಗ್ತಿಲ್ಲ ಅಂತ ಅಜ್ಜಿ ಬೈತಿದ್ರು. ತೂತೆಲ್ಲ ಮುಚ್ಚೋಗಿರುತ್ತೆ, ಅಲ್ವಾ ಟೀಚರ್? ನೀರು ಹೊರಗೆ ಬಂದು ಆವಿಯಾಗೋದು ಹೇಗೆ?’ ಪರೀಕ್ಷೆಯಲ್ಲಿ ಅವಳಿಗೆ ಅರ್ಧ ಅಂಕ ಕೊಟ್ಟಿದ್ದೆ.

ಐದಕ್ಕೆ ಮೂರು ಕೊಡುತ್ತೇನೆ. ಹೊಸದಾಗಿ ಪಾಠಯೋಜನೆ ಬರೆಯುವವರು, ಬಿ.ಎಡ್. ಮಕ್ಕಳು ತಗೊಳ್ಳಬಹುದು, ಸಂಶ್ಲೇಷಣೆಯ ಮೇಲೆ ಒಂದು ಕಾಗದ ಅಂಟಿಸಿಕೊಂಡರೆ ಆಯಿತು. ಅಂಗಡಿಯವರಿಗೆ ಒಂದು ಮೆಟ್ಟಿಲು ಹೆಚ್ಚಿಗೆ ಬಂದಿದೆ ಎಂದು ಹೇಳಿ ನೋಡಿದೆ. ‘ಕಮ್ಮಿ ಏನೂ ಇಲ್ವಲ್ಲ ಮೇಡಂ’ ಎಂದರು.