ಟ್ರ್ಯಾಕ್ಟರಿಗೆ ಹುಡ್ ಮಾಡಿಸುವವರೇ, ರೋಲ್ ಬಾರಿಗೆ ವೆಲ್ಡಿಂಗ್ ಹೊಡೆಸಬೇಡಿ

ಬಿಸಿಲು ಏರಿತೆಂದರೆ ನಮ್ಮ ಜತ್ತ ತಾಲೂಕಿನ ವೆಲ್ಡಿಂಗ್ ಅಂಗಡಿಗಳ ಮುಂದೆ ಸಣ್ಣ ಟ್ರ್ಯಾಕ್ಟರುಗಳು ಬಂದು ನಿಲ್ಲುತ್ತವೆ, ಹುಡ್ ಅಂದರೆ ಸೀಟಿನ ಮೇಲೆ ನೆರಳಿನ ಚಾವಣಿ ಮಾಡಿಸಲು. ಶೋಕಿಗೆ ಯಾರೂ ಮಾಡಿಸುವುದಿಲ್ಲ. ಎಪ್ರಿಲ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದ ದ್ರಾಕ್ಷಿ ತೋಟದಲ್ಲಿ ತಲೆಯ ಮೇಲೆ ಒಂದೆಲೆಯೂ ಇರುವುದಿಲ್ಲ. 40 ಡಿಗ್ರಿ ಆಸುಪಾಸಿನ ಬಿಸಿಲು ಮೇಲೆ, ಇಂಜಿನ್ನಿನ ಕಾವು ಎದುರಿಗೆ. ಸೀಟಿನಲ್ಲಿ ಕೂತವನಿಗೇ ಗೊತ್ತು ಆ ಕಷ್ಟ. ಹಾಗಾಗಿ ಹುಡ್ಡೇ ಬೇಡ ಎನ್ನಲು ಇದನ್ನು ಬರೆಯುತ್ತಿಲ್ಲ. ನಮ್ಮ ಕಾಕಾನ ಟ್ರ್ಯಾಕ್ಟರಿಗೆ ಮಾಡಿಕೊಟ್ಟಂಥ ಹುಡ್ ಬೇಡ ಎನ್ನಲು ಬರೆಯುತ್ತಿದ್ದೇನೆ.

ಕಾಕಾನದು ಸಾಲುಗಳ ನಡುವೆ ಹೋಗುವ ಕಿರಿದಾದ ಗಾಡಿ. ಸೀಟಿನ ಹಿಂದೆ ಕಂಪನಿಯದೇ ರೋಲ್ ಬಾರ್ ಇತ್ತು, ಗಾಡಿ ಮಗುಚಿದರೆ ಚಾಲಕನನ್ನು ಕಾಯುವ ಉಕ್ಕಿನ ಕಮಾನು, ಮಡಚುವಂಥದ್ದು. ಬಳ್ಳಿಯ ತಂತಿ ಹೊರಲು ವಾಯ್ (Y) ಆಕಾರದ ಆ್ಯಂಗಲ್ ಹಾಕಿದ ತೋಟದಲ್ಲಿ ತಂತಿ ತಗ್ಗಿಗೆ ಬಂದ ಕಡೆ ಪಿನ್ ತೆಗೆದು ಬಾರನ್ನು ಹಿಂದಕ್ಕೆ ಮಲಗಿಸಿಕೊಂಡು ದಾಟಲಿ ಅಂತಲೇ ಅದನ್ನು ಹಾಗೆ ಮಾಡಿರುವುದು. ಅಂಗಡಿಯವನು ಬಾರನ್ನು ಎರಡು ಸಲ ಅಲ್ಲಾಡಿಸಿ ನೋಡಿ, "ಇದು ಅಳ್ಳಾಡತೈತಿ ಕಾಕಾ, ಮ್ಯಾಲ ತಗಡು ನಿಂದ್ರೂದಿಲ್ಲ" ಎಂದವನೇ ಆ ಕೀಲನ್ನೇ ವೆಲ್ಡ್ ಮಾಡಿ ಬಿಗಿದುಬಿಟ್ಟ. ಅದಕ್ಕೆ ಒಂದಿಂಚಿನ ಚೌಕ ಪೈಪಿನ ಫ್ರೇಮ್ ಬೆಸೆದ. ಮುಂದಿನ ಎರಡು ಕಾಲುಗಳನ್ನು ಬಾನೆಟ್ಟಿನ ಪಕ್ಕದ ತೆಳು ಪಟ್ಟಿಗೆ ಕೂಡಿಸಿದ. ಮೇಲೆ ಆರಡಿ ಉದ್ದ, ಐದಡಿ ಅಗಲದ ಬಣ್ಣದ ತಗಡು.

ನಾನು ಅಲ್ಲೇ ನಿಂತಿದ್ದೆ. ಬ್ಯಾಟರಿ ವೈರಾದರೂ ಬಿಚ್ಚಣ್ಣಾ ಎಂದರೆ, "ಇಷ್ಟು ವರ್ಷ ಮಾಡೀನಿ, ಏನೂ ಆಗಿಲ್ಲ" ಎಂಬ ಉತ್ತರ. ಮನೆಗೆ ಬಂದ ಮೇಲೆ ಚಾರ್ಜಿಂಗ್ ದೀಪ ಆರಲೇ ಇಲ್ಲ. ಆಲ್ಟರ್ನೇಟರಿನ ಡಯೋಡ್ ಹೋಗಿತ್ತು. ಬ್ಯಾಟರಿ ಬಿಚ್ಚದೆ ಗಾಡಿಯ ಮೈಗೆ ವೆಲ್ಡಿಂಗ್ ಹೊಡೆದರೆ ಹೀಗಾಗುವುದು ಯಾವ ಆಟೋ ಎಲೆಕ್ಟ್ರಿಷಿಯನ್ನನ್ನು ಕೇಳಿದರೂ ಗೊತ್ತಾಗುತ್ತದೆ. ಆ ಖರ್ಚು ನಮ್ಮ ತಲೆಗೇ ಬಂತು.

ನೆರಳಾದರೂ ಸಿಕ್ಕಿತೇ? ಒಂದೇ ಪದರದ ತಗಡು ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಹಂಚಿನಂತೆ ಕಾಯುತ್ತದೆ, ಆ ಕಾವು ನೆತ್ತಿಗೆ ಇಳಿಯುತ್ತದೆ. ಗಾಡಿ ಚಾಲೂ ಇರುವಷ್ಟು ಹೊತ್ತೂ ಅದರ ಗಡಗಡ ಬೇರೆ. ನನಗೆ ಅದಕ್ಕಿಂತ ಹೇಸಿಗೆ ಅನಿಸಿದ್ದು ಔಷಧಿ ಹೊಡೆಯುವಾಗ. ಹಿಂದೆ ಔಷಧಿ ಊದುವ ಬ್ಲೋವರ್ ಕಟ್ಟಿ ಬೋರ್ಡೊ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದರೆ ಮಂಜು ತಗಡಿನ ಒಳಮೈಗೆ ಹತ್ತಿ, ಹನಿಗೂಡಿ, ಕಾಕಾನ ಹೆಗಲ ಮೇಲೆ ತೊಟ್ಟಿಕ್ಕುತ್ತಿತ್ತು. ಒಣಗಿದ ಮೇಲೆ ಒಳಗೆಲ್ಲ ನೀಲಿ ಹಕ್ಕಳೆ. ಬೋರ್ಡೊ ಬಿಡಿ, ಕೀಟನಾಶಕ ಹೊಡೆದ ದಿನ ಅದೇ ಜಾಗದಿಂದ ಬೀಳುವುದು ಯಾವ ಹನಿ ಅಂತ ಯೋಚಿಸಿ.

ಇನ್ನು ಗಾಳಿ. ನಮ್ಮ ಕಡೆ ಮೇ ತಿಂಗಳಲ್ಲಿ ಮಳೆಗಿಂತ ಮೊದಲು ಧೂಳು ಬರುತ್ತದೆ, ಧೂಳಿನ ಬೆನ್ನಿಗೆ ಗಾಳಿ. ಅಂಥದೊಂದು ಸಂಜೆ ಕಾಕಾ ಉಮದಿಯಿಂದ ಬರುತ್ತಿದ್ದರು. ಎದುರುಗಾಳಿ ತಗಡಿನ ಕೆಳಗೆ ಹೊಕ್ಕು ಎತ್ತಿತು. ಮುಂದಿನ ಕಾಲುಗಳು ಪಟ್ಟಿ ಸಮೇತ ಕಿತ್ತು ಬಂದವು. ತಗಡು ಎದ್ದು ಹಿಂದಕ್ಕೆ ಬಾಗಿ, ಮತ್ತೆ ಕೆಳಗೆ ಬಡಿಯಿತು. ಅಡ್ಡ ಕೊಟ್ಟ ಕೈಯನ್ನು ಅದರ ಅಂಚು ಮೊಣಕೈ ಕೆಳಗೆ ಸೀಳಿತು. ಹೊಲಿಗೆ ಹಾಕಿಸಬೇಕಾಯಿತು. ಗಾಡಿ ರಸ್ತೆ ಪಕ್ಕದ ಬದುವಿಗೆ ಹತ್ತಿ ನಿಂತದ್ದು ದಾನಮ್ಮನ ದಯೆ ಅಂತ ಕಾಕೂ ಗುಡ್ಡಾಪುರಕ್ಕೆ ಹೋಗಿ ಕಾಯಿ ಒಡೆಸಿ ಬಂದರು.

ಲೆಕ್ಕ ಹಾಕಿ ನೋಡಿ. ಅಷ್ಟು ಅಗಲದ ತಗಡಿನ ತೂಕ ಹನ್ನೊಂದು-ಹನ್ನೆರಡು ಕಿಲೋ. ಗಂಟೆಗೆ 60 ಕಿ.ಮೀ. ವೇಗದ ಗಾಳಿ ಅದರ ಕೆಳಗೆ ಸಿಕ್ಕಿಕೊಂಡರೆ 45 ಕಿಲೋ ಆಸುಪಾಸಿನ ಬಲ ಮೇಲಕ್ಕೆ ನೂಕುತ್ತದೆ. ಗಾಳಿಯ ವೇಗ ದುಪ್ಪಟ್ಟಾದರೆ ಬಲ ನಾಲ್ಕು ಪಟ್ಟು. ಗಾಡಿಯ ಓಟವೂ ಎದುರುಗಾಳಿಗೆ ಕೂಡುತ್ತದೆ. ಬಾನೆಟ್ಟಿನ ಪಟ್ಟಿ ಇದನ್ನು ತಡೆಯುವ ಮಾತೇ ಇಲ್ಲ.

ಆದರೆ ನನ್ನ ಎದೆ ಝಲ್ಲೆಂದದ್ದು ಮರುದಿನ, ಮುರಿದ ಫ್ರೇಮ್ ಕೊಯ್ದು ತೆಗೆಯುವಾಗ. ರೋಲ್ ಬಾರಿನಲ್ಲಿ ವೆಲ್ಡಿಂಗ್ ಗೆರೆಯ ಪಕ್ಕಕ್ಕೇ, ಬೆರಳಿನಗಲ ದೂರವೂ ಇಲ್ಲ, ಒಂದು ಸಣ್ಣ ಬಿರುಕು. ಬಟ್ಟೆಯಿಂದ ಒರೆಸಿದರೆ ಬಿರುಕಿನ ಒಳಗೆ ಕೆಂಪು ತುಕ್ಕು. ನಿನ್ನೆ ಬಿಟ್ಟ ಬಿರುಕಿನೊಳಗೆ ಅಷ್ಟು ತುಕ್ಕು ಹಿಡಿಯುವುದಿಲ್ಲ. ಅಂದರೆ ಗಾಳಿ ಬರುವ ಎಷ್ಟೋ ದಿನ ಮೊದಲೇ, ಇಂಜಿನ್ನಿನ ನಡುಕಕ್ಕೆ ತಲೆಯ ಮೇಲಿನ ಭಾರ ತೊನೆದಾಡಿ ತೊನೆದಾಡಿ ಅದು ಬಿಡತೊಡಗಿತ್ತು.

ಗಾಡಿ ಮಗುಚಿದರೆ ಚಾಲಕ ಅಪ್ಪಚ್ಚಿಯಾಗದಂತೆ ಜಾಗ ಉಳಿಸುವುದು ಆ ಬಾರ್. ಪೆಟ್ಟು ಬಿದ್ದಾಗ ತಾನು ಬಗ್ಗಿ, ಆ ಪೆಟ್ಟನ್ನು ನುಂಗಿಕೊಳ್ಳುವಂತೆ ಅದರ ಉಕ್ಕು, ದಪ್ಪ, ಬೋಲ್ಟು ಎಲ್ಲವನ್ನೂ ಪರೀಕ್ಷೆ ಮಾಡಿ ಕೂಡಿಸಿರುತ್ತಾರೆ. ವೆಲ್ಡಿಂಗಿನ ಬೆಂಕಿ ತಾಗಿದ ಕಡೆ ಉಕ್ಕಿನ ಗುಣ ಬದಲಾಗುತ್ತದೆ, ಡ್ರಿಲ್ ಹೊಡೆದ ತೂತು ಬಿರುಕಿಗೆ ದಾರಿಯಾಗುತ್ತದೆ, ಬಗ್ಗಬೇಕಾದ್ದು ಮುರಿಯುತ್ತದೆ. ಸ್ವೀಡನ್ನಿನವರು 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇಂಥ ರಕ್ಷಣೆ ಕಡ್ಡಾಯ ಮಾಡಿದರು, ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಇಳಿಯುತ್ತ ಬಂತು. ನಾವು ಅದನ್ನು ತಗಡು ಕಟ್ಟುವ ಕಂಬ ಮಾಡಿಕೊಂಡಿದ್ದೇವೆ. ಹುಡ್ ಇದೆ, ಮಗುಚಿದರೂ ಏನಾಗುವುದಿಲ್ಲ ಎಂದು ನಂಬಿದವರನ್ನೂ ಕಂಡಿದ್ದೇನೆ. ಒಂದಿಂಚಿನ ಪೈಪು ಟ್ರ್ಯಾಕ್ಟರಿನ ಭಾರಕ್ಕೆ ಕಡ್ಡಿಗೆ ಸಮ.

ಬಿರುಕು ತೋರಿಸಿದಾಗ ಅಂಗಡಿಯವನು, ಇನ್ನೊಂದು ಪಟ್ಟಿ ಹಚ್ಚಿ ಬೆಸೆದು ಕೊಡುತ್ತೇನೆ ಎಂದ! ಬಿರುಕು ಬಿಟ್ಟ ರೋಲ್ ಬಾರನ್ನು ರಿಪೇರಿ ಮಾಡಿಸುವಂತಿಲ್ಲ, ಇಡಿಯಾಗಿ ಬದಲಿಸಬೇಕು. ಬದಲಿಸಿದೆವು. ಕಂಪನಿ ಹುಡ್ ಬಿಟ್ಟು ಉಳಿಸಿದ ದುಡ್ಡಿಗಿಂತ ಎಷ್ಟೋ ಹೆಚ್ಚು ಅದಕ್ಕೇ ಹೋಯಿತು.

ಮನೆಯಲ್ಲೇ ಮಾಡಿಸಬೇಕು ಎನ್ನುವವರು ವೆಲ್ಡಿಂಗ್ ಕೆಲಸವನ್ನೆಲ್ಲ ಫ್ರೇಮಿನಲ್ಲೇ, ಗಾಡಿಯಿಂದ ದೂರ ಇಟ್ಟು ಮುಗಿಸಿ. ಬಾರಿಗೆ ರಬ್ಬರ್ ಸುತ್ತಿ ಯು-ಬೋಲ್ಟ್ ಕ್ಲಾಂಪಿನಲ್ಲಿ ಕೂಡಿಸಿ, ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವಂಥದ್ದು) ಹಾಕಿ; ಸಾದಾ ನಟ್ ನಡುಕಕ್ಕೆ ಬಿಚ್ಚಿಕೊಳ್ಳುತ್ತದೆ. ಮಡಚುವ ಕೀಲನ್ನು ಯಾರಿಗೂ ಮುಟ್ಟಗೊಡಬೇಡಿ. ತಗಡಿನ ಬದಲು ನಮ್ಮ ಮಣುಕದ (ಒಣದ್ರಾಕ್ಷಿಯ) ಶೆಡ್ಡಿಗೆ ಕಟ್ಟುವ ಹಸಿರು ನೆಟ್ಟೇ ಸಾಕು, ಎರಡು ಪದರ, ನಡುವೆ ನಾಲ್ಕು ಬೆರಳು ಸಂದು. ಗಾಳಿ ತೂರಿ ಹೋಗುತ್ತದೆ, ಕಾವೂ ನಿಲ್ಲುವುದಿಲ್ಲ. ಸೈಲೆನ್ಸರ್ ಮೇಲ್ಮುಖ ಇದ್ದರೆ ನೆಟ್ಟನ್ನು ಅದರಿಂದ ಸಾಕಷ್ಟು ಹಿಂದೆಯೇ ನಿಲ್ಲಿಸಿ, ಪ್ಲಾಸ್ಟಿಕ್ಕು ಬಿಸಿ ಹೊಗೆಗೆ ಕರಗುತ್ತದೆ. ಬಾರ್ ಎದ್ದು ನಿಂತಿದ್ದಾಗ ಸೀಟ್ ಬೆಲ್ಟ್ ಹಾಕಿ, ಮಡಚಿದಾಗ ಬಿಚ್ಚಿ. ಔಷಧಿ ಹೊಡೆಯುವ ದಿನ ನೆಟ್ ತೆಗೆದಿಟ್ಟು, ಟೋಪಿ, ಮಾಸ್ಕು, ತುಂಬುತೋಳಿನ ಅಂಗಿ ಹಾಕಿಕೊಂಡೇ ಹೋಗಿ.