ಗಟ್ಟಿ ಎಂಜಿನ್ ಮೌಂಟ್, ನಾಲ್ಕು ಮಳೆಗಾಲದ ಬಳಿಕ: ಮೌಂಟ್ ಉಳಿಯಿತು, ಸಬ್‌ಫ್ರೇಮ್ ಸೀಳಿತು

ವಸ್ತು: ಬಿಎಂಡಬ್ಲ್ಯು ಇ46ರ ಆರು ಸಿಲಿಂಡರ್ ಎಂಜಿನ್‌ಗೆ ಪಾಲಿಯುರೆಥೇನ್ ಮೌಂಟ್ (ಎಂಜಿನ್ ಕೂರುವ ಮೆತ್ತೆ), ಶೋರ್ 80ಎ ಮತ್ತು 95ಎ (ಗಡಸುತನದ ಅಳತೆ, ಅಂಕಿ ಹೆಚ್ಚಿದಷ್ಟು ಗಟ್ಟಿ)
ಬಳಕೆ: ಮಡಿಕೇರಿ–ಸಂಪಾಜೆ ಘಾಟಿ, ವಿರಾಜಪೇಟೆ–ಮಾಕುಟ್ಟ ಇಳಿಜಾರು, ತೋಟದ ದಾರಿಗಳು
ಅಂಕ: 80ಎಗೆ 5ರಲ್ಲಿ 3.5, 95ಎಗೆ 1.5

ಮೊದಲು ಒಳ್ಳೆಯದು. ಘಾಟಿಯ ತಿರುವಿನಲ್ಲಿ ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಹಳೆಯ ರಬ್ಬರಿನ ಮೇಲೆ ಎಂಜಿನ್ ಓಲಾಡುತ್ತಿತ್ತು; ಅದು ಪೂರ್ತಿ ನಿಂತಿದೆ. ಗೇರ್ ಲಿವರ್ ಕುಣಿಯುವುದಿಲ್ಲ. ಇಷ್ಟನ್ನು 80ಎ ಕೂಡ ಕೊಡುತ್ತದೆ. 95ಎ ಹೆಚ್ಚಿಗೆ ಕೊಡುವುದು ಐಡಲ್‌ನಲ್ಲಿ ಕನ್ನಡಿಯ ನಡುಕ, ಎಸಿ ಹಾಕಿದರೆ ಡ್ಯಾಶ್‌ಬೋರ್ಡಿನ ಗಲಗಲ. ಜೊತೆಗೆ ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಸಬ್‌ಫ್ರೇಮ್‌ನ (ಎಂಜಿನ್ ಹೊರುವ ಅಡಿಚೌಕಟ್ಟು) ಎಡ ಪೀಠದ, ಅಂದರೆ ಮೌಂಟ್ ಕೂರುವ ಜಾಗದ, ಬುಡದಲ್ಲಿ ಸುಮಾರು 20 ಮಿ.ಮೀ. ಬಿರುಕು.

ಎಡಕ್ಕೇ ಯಾಕೆ? ಉದ್ದುದ್ದಕ್ಕೆ ಕೂತ ಎಂಜಿನ್ ಆಕ್ಸಿಲರೇಟರ್ ಒತ್ತಿದಾಗ ಬಲಕ್ಕೆ ವಾಲುತ್ತದೆ. ಬಲ ಮೌಂಟ್ ಅದುಮಿಕೊಳ್ಳುತ್ತದೆ, ಎಡ ಮೌಂಟ್ ಮೇಲಕ್ಕೆ ಎಳೆಯುತ್ತದೆ. ಲೆಕ್ಕ ಹಾಕಿ: ಇ46 ಎಂ3ಯ ಎಂಜಿನ್ 365 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಮೊದಲ ಗೇರ್ ಅನುಪಾತ 4.23. ಗುಣಿಸಿದರೆ ಸುಮಾರು 1,540 ನ್ಯೂಟನ್ ಮೀಟರ್. ಎರಡು ಮೌಂಟ್‌ಗಳ ನಡುವೆ ಅರ್ಧ ಮೀಟರ್ ಹಿಡಿದರೆ ಎಡ ಪೀಠವನ್ನು 300 ಕಿಲೋಗೂ ಹೆಚ್ಚಿನ ಭಾರದಷ್ಟು ಬಲ ಮೇಲಕ್ಕೆ ಎತ್ತುತ್ತಿರುತ್ತದೆ. ಕ್ಲಚ್ ಸಟ್ಟನೆ ಬಿಟ್ಟರೆ ಇನ್ನೂ ಜಾಸ್ತಿ. ಮೆತ್ತನೆ ರಬ್ಬರ್ ಆ ಏಟನ್ನು ಹಿಗ್ಗಿ ನಿಧಾನವಾಗಿ ದಾಟಿಸುತ್ತದೆ. ಗಟ್ಟಿ ಮೌಂಟ್ ಹಾಗೇ ತಗಡಿಗೆ ಕೊಡುತ್ತದೆ. ಪೀಠವೋ ಒತ್ತಿ ಮಡಿಸಿ ವೆಲ್ಡ್ ಮಾಡಿದ ತಗಡು. ದಿನಕ್ಕೆ ಸಾವಿರ ಸಲ ಬಾಗಿದರೆ ವೆಲ್ಡಿನ ಅಂಚಿನಿಂದ ಸೀಳು ಶುರು. ಇದಕ್ಕೂ ಹಿಂದಿನ ತಲೆಮಾರಿನ ಇ36 ಕಾರುಗಳಲ್ಲೂ ಇದೇ ಜಾಗ ಕುಖ್ಯಾತ.

ಕಂಪನದ ಕಥೆ ಬೇರೆ. ಆರು ಸಿಲಿಂಡರ್ ಎಂಜಿನ್ 700 ಆರ್‌ಪಿಎಂನಲ್ಲಿ ಸೆಕೆಂಡಿಗೆ 35 ಬಾರಿ ಬಡಿಯುತ್ತದೆ. ಮೌಂಟ್‌ನ ಬಿಗಿ ಇಮ್ಮಡಿಯಾದರೆ ಅದರ ಸಹಜ ಕಂಪನ ಸಂಖ್ಯೆ 1.41 ಪಟ್ಟು ಏರಿ ಈ 35ರ ಹತ್ತಿರ ಬರುತ್ತದೆ. ಕನ್ನಡಿ ನಡುಗುವುದು ಅದಕ್ಕೇ.

ಇ46ರ ಹಿಂಬದಿ ನೆಲದ ತಗಡು ಸೀಳುವ ರೋಗವನ್ನು ಇದರ ಜೊತೆ ಬೆರೆಸಬೇಡಿ. ಅದು ಹಿಂದಿನ ಸಬ್‌ಫ್ರೇಮ್ ಬಾಡಿಗೆ ಸೇರುವ ಕಡೆ ಆಗುವುದು. ಎಂಜಿನ್ ಮೌಂಟ್ ಬದಲಿಸಿದರೆ ಅದು ಬರುವುದೂ ಇಲ್ಲ, ಹೋಗುವುದೂ ಇಲ್ಲ.

ಕೊಡಗಿನಲ್ಲಿ ಇದು ಬೇಗ ಕಾಣದಿರುವುದಕ್ಕೆ ಕಾರಣ ಕೆಸರು. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ತೋಟದ ಕೆಂಪು ಮಣ್ಣು ಪೀಠದ ಸಂದಿಯಲ್ಲಿ ಅಂಟಿ ಕೂತರೆ ತುಕ್ಕಿನ ಗೆರೆ ಯಾವುದು, ಮಣ್ಣು ಯಾವುದು ಗೊತ್ತಾಗುವುದಿಲ್ಲ. ತೇವ ಬಿರುಕಿನೊಳಗೆ ನಿಂತು ಸೀಳನ್ನು ಇನ್ನಷ್ಟು ಓಡಿಸುತ್ತದೆ. ಕೊಳ್ಳುವ ಮೊದಲು ಪಾಲಿಯುರೆಥೇನ್ ಯಾವ ಬಗೆಯದೆಂದು ಕೇಳಿ: ಪಾಲಿಯೆಸ್ಟರ್ ಬಗೆಯದು ಬಿಸಿ ಮತ್ತು ತೇವಕ್ಕೆ ವರ್ಷಗಳಲ್ಲಿ ಪುಡಿಯಾಗುತ್ತದೆ, ಪಾಲಿಈಥರ್ ಬಗೆಯದು ನೀರನ್ನು ತಾಳುತ್ತದೆ. ಇಲ್ಲಿನ ಹವೆಗೆ ಎರಡನೆಯದೇ ಸೈ. ಎಣ್ಣೆ ಸೋರಿಕೆಯನ್ನು ಮಾತ್ರ ಪಾಲಿಯುರೆಥೇನ್ ರಬ್ಬರಿಗಿಂತ ಚೆನ್ನಾಗಿ ತಡೆದುಕೊಂಡಿದೆ. ಆಯಿಲ್ ಫಿಲ್ಟರ್ ಹೌಸಿಂಗ್‌ನ ಗ್ಯಾಸ್ಕೆಟ್ ಸೋತರೆ ಎಣ್ಣೆ ಇಳಿಯುವುದು ನೇರ ಎಡ ಮೌಂಟ್ ಕಡೆಗೆ.

ತಪಾಸಣೆಗೆ ಸಮತಟ್ಟು ಕಾಂಕ್ರೀಟ್ ಬೇಕು, ಕಾಫಿ ಕಣ ಸಾಕು. ಡಿಸೆಂಬರ್‌ನಿಂದ ಕಣ ಖಾಲಿ ಸಿಗದು, ಮಳೆ ಬಿಟ್ಟೊಡನೆ ಮುಗಿಸಿ. ಕಾರನ್ನು ಜ್ಯಾಕ್‌ನಲ್ಲಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಪೀಠದ ಬುಡವನ್ನು ಡಿಗ್ರೀಸರ್ ಮತ್ತು ತಂತಿ ಬ್ರಷ್‌ನಿಂದ ಲೋಹ ಕಾಣುವವರೆಗೆ ತೊಳೆದು ಪೂರ್ತಿ ಒಣಗಿಸಿ. ಕೆಂಪು ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿಯುವ ಬಣ್ಣ) ಸಿಂಪಡಿಸಿ 10ರಿಂದ 20 ನಿಮಿಷ ಬಿಟ್ಟು, ಕ್ಲೀನರ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ಬಿರುಕಿದ್ದರೆ ಕೆಂಪು ಗೆರೆ ತಾನಾಗಿ ಮೇಲೆ ಬರುತ್ತದೆ. ಬರಿಗಣ್ಣಿಗೆ ಬಣ್ಣದ ಸುಕ್ಕಿನಂತೆ ಕಂಡದ್ದು ಹೀಗೆ ನೋಡಿದಾಗ ಎರಡರಷ್ಟು ಉದ್ದ ಇರಬಹುದು.

ಬಿರುಕು ಸಿಕ್ಕರೆ ಸಬ್‌ಫ್ರೇಮನ್ನು ಕಾರಿನಲ್ಲೇ ಬಿಟ್ಟು ತೇಪೆ ಹಾಕಿಸಬೇಡಿ. ಗ್ಯಾರೇಜಿನವರು ‘ಅರ್ಧ ಗಂಟೆ ಕೆಲಸ’ ಅನ್ನುತ್ತಾರೆ. ಆ ವೆಲ್ಡ್ ಮುಂದಿನ ಮಳೆಗೆ ಪಕ್ಕದಲ್ಲೇ ಬಿಡುತ್ತದೆ. ಎಂಜಿನ್‌ಗೆ ಮೇಲಿಂದ ಸಪೋರ್ಟ್ ಬಾರ್ ಕೊಟ್ಟು ಸಬ್‌ಫ್ರೇಮ್ ಇಳಿಸಬೇಕು. ಬಿರುಕಿನ ತುದಿಯಲ್ಲಿ 3 ಮಿ.ಮೀ. ತೂತು, ಸೀಳಿನುದ್ದಕ್ಕೂ ವಿ ಆಕಾರದ ತೋಡು, ಒಳಗಿನ ಎಣ್ಣೆ ಪೂರ್ತಿ ತೆಗೆದು ಟಿಗ್ ಅಥವಾ ಮಿಗ್ ವೆಲ್ಡ್. ಮೇಲೆ 3 ಮಿ.ಮೀ. ಮೈಲ್ಡ್ ಸ್ಟೀಲ್ ಗಸೆಟ್ (ಬಲ ಕೊಡುವ ತಗಡಿನ ತುಂಡು), ಪೀಠದ ತೆರೆದ ಬದಿಯನ್ನು ಪೆಟ್ಟಿಗೆಯಂತೆ ಮುಚ್ಚುವ ಹಾಗೆ. ಗಸೆಟ್‌ನ ತುದಿ ಚೂಪಾಗಿ ತಗಡಿನ ನಡುವೆ ನಿಂತರೆ ಹೊಸ ಬಿರುಕು ಅಲ್ಲಿಂದಲೇ ಏಳುತ್ತದೆ, ಆದ್ದರಿಂದ ಮೂಲೆ ದುಂಡಗಿರಲಿ. ಬಲ ಪೀಠಕ್ಕೂ ಅದೇ ಮಾಡಿಸಿ, ಸೀಳದಿದ್ದರೂ. ಆಮೇಲೆ ಜಿಂಕ್ ಪ್ರೈಮರ್, ಬಣ್ಣ, ಒಳಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್. ಸಬ್‌ಫ್ರೇಮ್ ಇಳಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಬೇಕೇ ಬೇಕು.

ಎಂಜಿನ್ ಮೌಂಟ್ ಗಟ್ಟಿ ಮಾಡಿ ಗೇರ್‌ಬಾಕ್ಸ್ ಮೌಂಟ್ ಹಳೆಯದೇ ಬಿಟ್ಟರೆ ಹಿಂದಿನ ತುದಿ ಬಾಲದಂತೆ ಅಲ್ಲಾಡಿ ಬೆಲ್‌ಹೌಸಿಂಗ್‌ಗೆ (ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕವಚ) ಹೊರೆ ಬೀಳುತ್ತದೆ. ಎರಡೂ ಒಂದೇ ಅಂದಾಜಿನ ಗಡಸುತನದಲ್ಲಿರಲಿ. ನಟ್‌ಗಳು ಹೊಸ ಲಾಕ್‌ನಟ್, ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು, 500 ಕಿ.ಮೀ.ಗೆ ಮತ್ತೆ ನೋಡಿ. ಸಡಿಲ ಮೌಂಟ್ ಗಟ್ಟಿ ಮೌಂಟ್‌ಗಿಂತ ಬೇಗ ಪೀಠ ಒಡೆಯುತ್ತದೆ.

ಈಗ ಓಡುತ್ತಿರುವುದು ಗಸೆಟ್ ಹಾಕಿದ ಸಬ್‌ಫ್ರೇಮ್ ಮೇಲೆ 80ಎ ಜೋಡಿ. ಎರಡು ಮಳೆಗಾಲ ಕಳೆದರೂ ಡೈ ಪರೀಕ್ಷೆಯಲ್ಲಿ ಗೆರೆ ಬಂದಿಲ್ಲ. ದಿನದ ಓಡಾಟ ಬರೀ ಗೋಣಿಕೊಪ್ಪದ ಸಂತೆಗಾದರೆ ಹೊಸ ಮೂಲ ರಬ್ಬರ್ ಮೌಂಟ್ ತನ್ನಿ. ಹಳೆಯದು ಜೋತುಬಿದ್ದಿದ್ದಕ್ಕೆ ಪಾಲಿಯುರೆಥೇನ್ ಕೊಂಡವರೇ ಹೆಚ್ಚು.