ಓಡುವ ಒತ್ತಕ್ಷರ: 120 ಹರ್ಟ್ಜ್ ಫೋನಿನ ಜೊತೆ ಮೂರು ವರ್ಷ

ನನ್ನದು ಪ್ರೂಫ್ ನೋಡುವ ಕೆಲಸ. ದಿನಾ ಬೆಳಗ್ಗೆ ತುಮಕೂರಿನಿಂದ ಯಶವಂತಪುರಕ್ಕೆ ರೈಲು, ಸಂಜೆ ಅದೇ ಹಾದಿಯಲ್ಲಿ ವಾಪಸ್. ಸೀಟು ಸಿಕ್ಕಿತೆಂದರೆ ಕ್ಯಾತ್ಸಂದ್ರ ದಾಟುವುದರೊಳಗೆ ಫೋನಿನಲ್ಲಿ ಪಿಡಿಎಫ್ ತೆರೆದಿರುತ್ತದೆ. ಸಿಗದಿದ್ದರೆ ಬಾಗಿಲ ಹತ್ತಿರ ಒರಗಿಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಪುಟ ತಳ್ಳುತ್ತಾ ಓದುವುದು. ಹಾಗಾಗಿ ಗೇಮು, ಸೆಲ್ಫಿಗಳ ವಿಚಾರಕ್ಕೆ ಬಂದವರಿಗೆ ಈ ವಿಮರ್ಶೆಯಲ್ಲಿ ಏನೂ ಸಿಗುವುದಿಲ್ಲ. ಓದುವವನೊಬ್ಬನಿಗೆ 120 ಹರ್ಟ್ಜ್ ಪರದೆಯಿಂದ, ಅಂದರೆ ಸೆಕೆಂಡಿಗೆ 120 ಸಲ ಚಿತ್ರವನ್ನು ಹೊಸದಾಗಿ ಬರೆಯುವ ಪರದೆಯಿಂದ, ಏನು ಉಪಯೋಗವಾಯಿತು, ಎಲ್ಲಿ ಕೈಕೊಟ್ಟಿತು, ಇಷ್ಟೇ ಇಲ್ಲಿರುವುದು.

ಫೋನು ಕೊಂಡಿದ್ದು 2022ರ ದೀಪಾವಳಿಗೆ, ಇಪ್ಪತ್ತಾರು ಸಾವಿರಕ್ಕೆ. ಆರೂವರೆ ಇಂಚಿನ ಅಮೊಲೆಡ್ (ಚುಕ್ಕೆಚುಕ್ಕೆಯೂ ತಾನೇ ಬೆಳಗುವ) ಪರದೆ, 1080ಕ್ಕೆ 2400 ಪಿಕ್ಸೆಲ್. ಕಂಪನಿ ಹೆಸರು ಬರೆಯುತ್ತಿಲ್ಲ. ಮುಂದೆ ಒಂದು ರಿಪೇರಿ ಕತೆ ಬರುತ್ತದೆ, ಅದು ಯಾವ ಕಂಪನಿಯ ಫೋನಿಗೂ ಆಗಬಹುದಾದದ್ದು.

ತಂದ ದಿನವೇ ಹಳೇ 60 ಹರ್ಟ್ಜ್ ಫೋನನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಅಮ್ಮನಿಗೆ ತೋರಿಸಿದೆ. ಎರಡರಲ್ಲೂ ಒಂದೇ ಸುದ್ದಿ ತೆರೆದು ಮೇಲಕ್ಕೆ ಕೆಳಕ್ಕೆ ಓಡಿಸಿ, "ವ್ಯತ್ಯಾಸ ಗೊತ್ತಾಗುತ್ತಾ?" ಎಂದೆ. ಕನ್ನಡಕ ಮೇಲಕ್ಕೆತ್ತಿ ನೋಡಿದವರು, "ಎರಡ್ರಲ್ಲೂ ಅಕ್ಷರ ಸಣ್ಣವೇ ಕಣಪ್ಪ" ಅಂದುಬಿಟ್ಟರು. ತಪ್ಪೇನಿಲ್ಲ. ಬೇರೆಯವರ ಕೈಯಲ್ಲಿ ಓಡುವ ಪರದೆಯನ್ನು ನೋಡಿದರೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಬೆರಳು ನಿಮ್ಮದೇ ಆಗಿರಬೇಕು. ಎಳೆದಷ್ಟಕ್ಕೆ ಪುಟ ಬೆರಳಿಗೇ ಅಂಟಿಕೊಂಡಂತೆ ಬರುತ್ತದಲ್ಲ, ಆ ಅನುಭವ ಕೈಗೆ ಮೊದಲು, ಕಣ್ಣಿಗೆ ಆಮೇಲೆ.

ನನ್ನ ಕಣ್ಣಿಗೆ ಗೊತ್ತಾಗಿದ್ದು ಎರಡನೇ ವಾರದಲ್ಲಿ, ಒಂದು ಒತ್ತಕ್ಷರದ ದೆಸೆಯಿಂದ. 'ಪ್ರಸಿದ್ಧ' ಎಂದಿರಬೇಕಾದಲ್ಲಿ 'ಪ್ರಸಿದ್ದ' ಎಂದು ಬರುವುದು ನಮ್ಮ ಕಸುಬಿನ ನಿತ್ಯದ ಕಾಟ. ಯುದ್ಧ, ವಿರುದ್ಧ, ಶುದ್ಧ, ಎಲ್ಲಕ್ಕೂ ಅದೇ ರೋಗ. ದಕಾರದ ಒತ್ತಿಗೂ ಧಕಾರದ ಒತ್ತಿಗೂ ಇರುವ ವ್ಯತ್ಯಾಸ ಅಡಿಯಲ್ಲಿ ಒಂದು ಸಣ್ಣ ಗೀಟು, ಅಷ್ಟೇ. ಹಳೇ ಫೋನಿನಲ್ಲಿ ಪುಟ ನಿಂತ ಮೇಲೆಯೇ ಅದು ಕಣ್ಣಿಗೆ ಬೀಳುತ್ತಿತ್ತು. ಹೊಸದರಲ್ಲಿ ಪುಟ ಓಡುತ್ತಿರುವಾಗಲೇ ತಪ್ಪು ಸಿಕ್ಕಿಬೀಳತೊಡಗಿತು. ಮೊದಲು ಭ್ರಮೆ ಅಂದುಕೊಂಡೆ. ಆಮೇಲೆ ಕೂತು ಲೆಕ್ಕ ಹಾಕಿದೆ.

ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ಬರೆದರೆ ಒಂದೊಂದು ಚಿತ್ರವೂ 16.7 ಮಿಲಿಸೆಕೆಂಡು ಅಲ್ಲಾಡದೆ ನಿಂತಿರುತ್ತದೆ. 120 ಸಲವಾದರೆ 8.3 ಮಿಲಿಸೆಕೆಂಡು. ನಮ್ಮ ಕಣ್ಣು ಮಾತ್ರ ನಿಲ್ಲುವುದಿಲ್ಲ, ಸಾಲಿನ ಹಿಂದೆಯೇ ಒಂದೇ ಸಮನೆ ಜಾರುತ್ತಿರುತ್ತದೆ. ನಿಂತ ಚಿತ್ರ, ಓಡುವ ಕಣ್ಣು. ಇವೆರಡರ ನಡುವಿನ ಅಂತರವೇ ಮಸುಕಾಗಿ ಕಾಣುವುದು. ನಾನು ಓದುವ ಸಾಧಾರಣ ವೇಗದಲ್ಲಿ ಅರ್ಧ ಪರದೆ ಒಂದು ಸೆಕೆಂಡಿನಲ್ಲಿ ಮೇಲೆ ಹೋಗುತ್ತದೆ, ಅಂದರೆ 1200 ಪಿಕ್ಸೆಲ್. ಆ ವೇಗಕ್ಕೆ 60 ಹರ್ಟ್ಜ್‌ನಲ್ಲಿ ಅಕ್ಷರ 20 ಪಿಕ್ಸೆಲ್‌ನಷ್ಟು ಬಳಿದುಕೊಳ್ಳುತ್ತದೆ, 120ರಲ್ಲಿ 10. ಸ್ಕ್ರೀನ್‌ಶಾಟ್ ತೆಗೆದು, ದೊಡ್ಡದು ಮಾಡಿ ಒತ್ತಕ್ಷರದ ಎತ್ತರ ಅಳೆದೆ: 14 ಪಿಕ್ಸೆಲ್. ಮೊದಲನೆಯದರಲ್ಲಿ ಇಡೀ ಒತ್ತೇ ಮೇಲಿನ ಅಕ್ಷರದೊಳಕ್ಕೆ ಕದಡಿಹೋಗುತ್ತದೆ, ಎರಡನೆಯದರಲ್ಲಿ ಅಷ್ಟಿಷ್ಟು ಉಳಿದುಕೊಳ್ಳುತ್ತದೆ. ಮಸುಕು ಪುಟ ಓಡುವ ದಿಕ್ಕಿನಲ್ಲೇ ಆಗುವುದರಿಂದ ಅಡ್ಡಗೀಟುಗಳಿಗೇ ಮೊದಲ ಪೆಟ್ಟು. ಕನ್ನಡದಲ್ಲಿ ತಲೆಕಟ್ಟು ಮೇಲೆ, ಒತ್ತು ಕೆಳಗೆ. ಪುಟ ಮೇಲೆ ಕೆಳಗೆ ಓಡಿದಾಗ ಎರಡಕ್ಕೂ ಏಟು. ಇಂಗ್ಲಿಷಿನಲ್ಲಿ ಅಕ್ಷರದಡಿಗೆ ಇನ್ನೊಂದಕ್ಷರ ಜೋತುಬೀಳುವ ಉಸಾಬರಿಯಿಲ್ಲ. ಹೆಚ್ಚು ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬರೆಯುತ್ತದೆ ಎಂಬ ಈ ಲೆಕ್ಕ) ಯಾರಿಗಾದರೂ ನಿಜವಾಗಿ ಬೇಕಾಗಿದ್ದರೆ ಅದು ಕನ್ನಡ, ತೆಲುಗು ಓದುವವರಿಗೇ ಅಂತ ನನ್ನ ವಾದ. ಜಾಹೀರಾತಿನಲ್ಲಿ ಮಾತ್ರ ಯಾವಾಗಲೂ ಕಾರ್ ರೇಸು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಸತ್ಯ ಹೇಳಬೇಕು. ಈ 120 ಹರ್ಟ್ಜ್ ಫೋನು ದಿನದ ಎಷ್ಟೋ ಹೊತ್ತು 120ರಲ್ಲಿ ಇರುವುದೇ ಇಲ್ಲ.

ಆಂಡ್ರಾಯ್ಡ್‌ನಲ್ಲಿ ಬಿಲ್ಡ್ ನಂಬರಿನ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ರಿಫ್ರೆಶ್ ರೇಟ್ ತೋರಿಸುವ ಒಂದು ಗುಂಡಿ ಇದೆ, ಹಾಕಿದರೆ ಪರದೆಯ ಮೂಲೆಯಲ್ಲಿ ಅಂಕಿ ಕಾಣಿಸುತ್ತದೆ. ಒಂದು ಇಡೀ ದಿನ ಅದನ್ನು ಹಾಕಿಕೊಂಡೇ ಓಡಾಡಿದೆ. ಹೋಮ್ ಸ್ಕ್ರೀನಿನಲ್ಲಿ 120. ಪಿಡಿಎಫ್ ಓದುವಾಗ ಬೆರಳಿಟ್ಟರೆ 120, ಬೆರಳೆತ್ತಿ ಎರಡು ಮೂರು ಸೆಕೆಂಡು ಸುಮ್ಮನಿದ್ದರೆ 60. ಕ್ಯಾಮೆರಾ ತೆರೆದ ಕೂಡಲೇ 60. ವಿಡಿಯೋ ಶುರುವಾದರೆ 60. ಮ್ಯಾಪ್‌ನಲ್ಲಿ ದಾರಿ ನೋಡುವಾಗ 60. ಬ್ಯಾಟರಿ ಸೇವರ್ ಹಾಕಿದರೆ ಎಲ್ಲೆಲ್ಲೂ 60. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರಿನ ಮುಂದೆ ಸಿಕ್ಕಿಸಿಕೊಂಡು ಹೊರಟರಂತೂ ಫೋನು ಕಾದು, ಅಂಕಿಯೂ ಇಳಿದು, ಬೆಳಕೂ ಇಳಿದು, ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು.

ಇದನ್ನು ಮೋಸ ಅನ್ನಲಾರೆ. ನಿಂತ ಪುಟಕ್ಕೆ 120 ಸಲ ಬಣ್ಣ ಬಳಿದು ಏನಾಗಬೇಕಿದೆ? ಆದರೆ ಇಳಿಯುವುದಾದರೆ 60ಕ್ಕೇ ಏಕೆ ನಿಲ್ಲಬೇಕು, ಇನ್ನೂ ಕೆಳಗೆ ಹೋಗಬಾರದೇ? ಅಲ್ಲಿಯೇ ದುಬಾರಿ ಫೋನಿಗೂ ನಮ್ಮದಕ್ಕೂ ಇರುವ ವ್ಯತ್ಯಾಸ. ನನ್ನ ಫೋನಿನ ಪರದೆಯ ಹಿಂದಿರುವುದು ಎಲ್‌ಟಿಪಿಎಸ್ ಎಂಬ ಜಾತಿಯ ಟ್ರಾನ್ಸಿಸ್ಟರುಗಳು. ಇವು ಬಿರುಕು ಬಿಟ್ಟ ಮಡಕೆಯ ಹಾಗೆ. ತುಂಬಿದ ವಿದ್ಯುತ್ತು ಸಣ್ಣಗೆ ಸೋರುತ್ತಲೇ ಇರುತ್ತದೆ, ಆಗಾಗ ತುಂಬದಿದ್ದರೆ ಚಿತ್ರ ಮಿನುಗತೊಡಗುತ್ತದೆ. ಎಲ್‌ಟಿಪಿಒ ಎಂಬ ಬಗೆಯಲ್ಲಿ ಸೋರದ ಆಕ್ಸೈಡ್ ಟ್ರಾನ್ಸಿಸ್ಟರುಗಳನ್ನೂ ಸೇರಿಸಿರುತ್ತಾರೆ. ಹಾಗಾಗಿ ನಿಂತ ಚಿತ್ರಕ್ಕೆ ಅಂಥ ಪರದೆ 10 ಹರ್ಟ್ಜ್‌ಗೆ, ಈಚಿನವು 1 ಹರ್ಟ್ಜ್‌ಗೂ ಇಳಿಯುತ್ತವೆ. 2021ರ ಐಫೋನ್ 13 ಪ್ರೊದಲ್ಲಿ ಇದ್ದದ್ದು 10ರಿಂದ 120ರವರೆಗೆ ಏರಿಳಿಯುವ ಇಂಥದ್ದೇ ಪರದೆ. ಸಾದಾ ಐಫೋನಿಗೆ 120 ಬರಬೇಕಾದರೆ 2025ರ ಐಫೋನ್ 17ರವರೆಗೆ ಕಾಯಬೇಕಾಯಿತು.

ಬ್ಯಾಟರಿ ವಿಚಾರ ಎಲ್ಲರೂ ಕೇಳುತ್ತಾರೆ. ಒಂದು ವಾರ 60ಕ್ಕೆ ಕಟ್ಟಿಹಾಕಿ, ಇನ್ನೊಂದು ವಾರ 120ಕ್ಕೆ ಬಿಟ್ಟು, ಅದೇ ರೈಲು, ಅದೇ ಕೆಲಸದಲ್ಲಿ ನೋಡಿದೆ. ನನ್ನ ಬಳಕೆಗೆ 120ರಲ್ಲಿ ದಿನಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಷ್ಟು ಓದು ಕಡಿಮೆಯಾಯಿತು. ಹೊಸತರಲ್ಲಿ ಅದು ಲೆಕ್ಕಕ್ಕೇ ಬರಲಿಲ್ಲ. ಈಗ ಮೂರು ವರ್ಷದ ಮುದಿ ಬ್ಯಾಟರಿಯಲ್ಲಿ ಅದೇ ಒಂದು ಗಂಟೆ ಭಾರವಾಗಿದೆ, ಚಿಕ್ಕಬಾಣಾವರ ದಾಟುವ ಹೊತ್ತಿಗೆ ಪವರ್ ಬ್ಯಾಂಕ್ ಹುಡುಕಬೇಕು.

ಮುದಿತನದ ಇನ್ನೊಂದು ಲಕ್ಷಣ ತಡವರಿಕೆ. 120 ಹರ್ಟ್ಜ್‌ನಲ್ಲಿ ಪ್ರತಿ ಚಿತ್ರ ತಯಾರಿಸಲು ಪ್ರೊಸೆಸರಿಗೆ ಸಿಗುವುದು 8.3 ಮಿಲಿಸೆಕೆಂಡು. ಅಷ್ಟರಲ್ಲಿ ಆಗಲಿಲ್ಲವೆಂದರೆ ಹಳೇ ಚಿತ್ರವೇ ಇನ್ನೊಂದು ಸುತ್ತು ನಿಲ್ಲುತ್ತದೆ, ಬೆರಳಿಗೆ ಜಗ್ಗಿದಂತಾಗುತ್ತದೆ. ಸ್ಟೋರೇಜು ತುಂಬಿ, ಆ್ಯಪ್‌ಗಳು ಊದಿಕೊಂಡು ಈಗ ಇದು ದಿನಕ್ಕೆ ಹತ್ತಾರು ಸಲ ಆಗುತ್ತದೆ. ನುಣ್ಣಗೆ ಓಡುವಾಗ ಒಮ್ಮೆ ಎಡವುವುದು, ಮೊದಲಿಂದಲೂ ಸ್ವಲ್ಪ ತರಿತರಿಯಾಗಿ ಓಡುವುದಕ್ಕಿಂತ ಹೆಚ್ಚು ಕಿರಿಕಿರಿ. ಸಮನಾದ 60 ವಾಸಿ ಎನಿಸಿದ ದಿನಗಳೂ ಉಂಟು.

ಅದಕ್ಕೇ ಹತ್ತು ಸಾವಿರದ ಫೋನಿನ ಡಬ್ಬಿಯ ಮೇಲೆ 120 ಎಂದು ದಪ್ಪಕ್ಷರದಲ್ಲಿ ನೋಡಿದಾಗ ನನಗೆ ನಗು. 2019ರ ಮೇ ತಿಂಗಳಲ್ಲಿ ಒನ್‌ಪ್ಲಸ್ 7 ಪ್ರೊ ಬಂದಾಗ 90 ಹರ್ಟ್ಜ್‌ಗೇ 48,999 ರೂಪಾಯಿಯಿಂದ ಶುರು, ಬೆಂಗಳೂರಿನಲ್ಲೂ ಬಿಡುಗಡೆಯ ಜಾತ್ರೆ. ಮರುವರ್ಷ ಫೆಬ್ರವರಿಯಲ್ಲೇ ಪೋಕೊ ಎಕ್ಸ್2 120 ಹರ್ಟ್ಜ್ ಎಲ್‌ಸಿಡಿ (ಹಿಂದೊಂದು ದೀಪವಿಟ್ಟು ಬೆಳಗಿಸುವ) ಪರದೆಯನ್ನು 15,999ಕ್ಕೆ ತಂದಿತು. ಅಲ್ಲಿಂದ ಈಚೆಗೆ ಈ ಅಂಕಿ ಸೋವಿಯಾಗಿದೆ. ಈಗ ಅಗ್ಗದ ಎಷ್ಟೋ ಫೋನುಗಳಲ್ಲಿ 120 ಇರುತ್ತದೆ, ಆದರೆ ಪರದೆ ಬರೀ 720 ಪಿಕ್ಸೆಲ್ ಅಗಲದ್ದು, ಪ್ರೊಸೆಸರು ಬಡಪಾಯಿ. ಅಲ್ಲಿ ನಿಂತ ಒತ್ತಕ್ಷರವೇ ಸರಿಯಾಗಿ ಮೂಡುವುದಿಲ್ಲ, ಓಡುವುದರ ಮಾತು ಹಾಗಿರಲಿ. ಆ ಬೆಲೆಗೆ ಓದುವವರು ಮೊದಲು 1080 ಇದೆಯೇ ನೋಡಿ, 90 ಇದ್ದರೂ ಸಾಕು.

ಟಚ್ ಸ್ಯಾಂಪ್ಲಿಂಗ್ 240, 480 ಎಂಬುದು ಬೇರೆಯೇ ಲೆಕ್ಕ, ಬೆರಳನ್ನು ಸೆಕೆಂಡಿಗೆ ಎಷ್ಟು ಸಲ ವಿಚಾರಿಸುತ್ತದೆ ಎಂಬುದು. ಅಂಗಡಿಯವರು ಇದನ್ನೂ ರಿಫ್ರೆಶ್ ರೇಟನ್ನೂ ಕಲಸಿ ಹೇಳುತ್ತಾರೆ, ಹುಷಾರು.

ಇನ್ನು ರಿಪೇರಿ ಕತೆ. 2024ರ ಮಳೆಗಾಲ, ದೊಡ್ಡಬೆಲೆ ಹತ್ತಿರ. ಇಳಿಯುವವರ ನೂಕಿನಲ್ಲಿ ಯಾರದೋ ಟಿಫನ್ ಕ್ಯಾರಿಯರ್ ಮೊಣಕೈಗೆ ಬಡಿದು ಫೋನು ಬಾಗಿಲ ಕಬ್ಬಿಣದ ತಗಡಿನ ಮೇಲೆ ಮೂಲೆ ಊರಿ ಬಿತ್ತು. ಗಾಜು ಹೆಚ್ಚೇನೂ ಒಡೆಯಲಿಲ್ಲ. ಮೊದಲು ಒಂದು ಹಸಿರು ಗೀಟು, ಮನೆ ಸೇರುವಷ್ಟರಲ್ಲಿ ಮೂಲೆಯಿಂದ ಮಸಿ ಚೆಲ್ಲಿದಂತೆ ಕಪ್ಪು ಹರಡಿಕೊಂಡಿತು. ರಿಪೇರಿ ಅಂಗಡಿಯ ಹುಡುಗ ತಿರುಗಿಸಿ ನೋಡಿ, "ಸಾರ್, ಒರಿಜಿನಲ್ ಫೋಲ್ಡರ್ ಒಂಬತ್ತೂವರೆ ಆಗುತ್ತೆ. ಕಾಪಿ ಇದೆ, ಎರಡು ಸಾವಿರದ ಎಂಟ್ನೂರು. ನೋಡೋಕೆ ಏನೂ ಗೊತ್ತಾಗಲ್ಲ ಬಿಡಿ" ಎಂದ. ಫೋಲ್ಡರ್ ಎಂದರೆ ಪರದೆ, ಟಚ್ಚು, ಗಾಜು ಮೂರೂ ಸೇರಿದ ತುಂಡು. ಫೋನಿನ ಬೆಲೆಯ ಮೂರರಲ್ಲೊಂದು ಪಾಲು ಬರೀ ಪರದೆಗೆ ಸುರಿಯಲು ಮನಸ್ಸು ಬರಲಿಲ್ಲ. ಕಾಪಿಯೇ ಹಾಕು ಎಂದೆ.

ಅವನ ಮಾತು ಅರ್ಧ ನಿಜ. ನೋಡಲು ಗೊತ್ತಾಗಲಿಲ್ಲ, ಮುಟ್ಟಿದ ಕೂಡಲೇ ಗೊತ್ತಾಯಿತು. ಪರದೆಯೊಳಗಿನ ಬೆರಳಚ್ಚು ಕೆಲಸ ಮಾಡಲಿಲ್ಲ. ಅದು ಅಮೊಲೆಡ್ ಮೂಲಕ ಬೆರಳನ್ನು ನೋಡುವ ಸೆನ್ಸರು, ಕಾಪಿ ಫೋಲ್ಡರ್ ಎಲ್‌ಸಿಡಿ, ಹಿಂದಿನ ಬ್ಯಾಕ್‌ಲೈಟು ಅಡ್ಡ. ಕಪ್ಪು ಬಣ್ಣ ರಾತ್ರಿ ಹೊತ್ತು ಬೂದಿಯಂತೆ ಹೊಳೆಯುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಪುಟ ಜಾರುವುದು ಬದಲಾಗಿತ್ತು. ಸೆಟ್ಟಿಂಗಿನಲ್ಲಿ 120 ಎಂದೇ ಟಿಕ್ ಇದೆ, ಬೆರಳು ಮಾತ್ರ ಅಲ್ಲ ಎನ್ನುತ್ತಿದೆ.

ಅಕ್ಕನ ಮಗನ ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್ ಇತ್ತು. ನಾನು ಪುಟ ಓಡಿಸಿದೆ, ಅವನು ವಿಡಿಯೋ ಹಿಡಿದ. ಆಮೇಲೆ ಒಂದೊಂದೇ ಫ್ರೇಮ್ ಸರಿಸಿ ಎಣಿಸಿದೆವು. ಪರದೆ ನಿಜವಾಗಿ 120 ಇದ್ದರೆ ಎರಡು ಫ್ರೇಮಿಗೊಮ್ಮೆ ಸಾಲು ಜಾಗ ಬದಲಿಸಬೇಕು. ಒಂದು, ಎರಡು, ಮೂರು, ನಾಲ್ಕು, ಆಗ ಸಾಲು ಜರುಗಿತು. ಮತ್ತೆ ನಾಲ್ಕು, ಮತ್ತೆ ಜರುಗಿತು. "ಅರವತ್ತೇ ಮಾಮ, ಟೋಪಿ ಹಾಕಿದಾರೆ" ಎಂದು ಹುಡುಗ ಗೆಲುವಾಗಿ ಹೇಳಿದ. ಹಳೇ ಫೋನು ಬದಲಿಸಿ ಪರದೆ ರಿಪೇರಿಯಾದ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಈ ಎಣಿಕೆ ತುಂಬಾ ಉಪಯೋಗ. ಎರಡು ನಿಮಿಷದ ಕೆಲಸ, ಡಬ್ಬಿಯ ಮೇಲೆ ಏನೇ ಬರೆದಿರಲಿ ಸುಳ್ಳು ನಿಲ್ಲುವುದಿಲ್ಲ.

ಐದು ತಿಂಗಳು ಆ ಕಾಪಿಯಲ್ಲೇ ದೂಡಿದೆ. ಹಿಂದೆ ವರ್ಷಗಟ್ಟಲೆ 60ರಲ್ಲೇ ಓದಿದವನಿಗೆ ಈಗ ಅದೇ 60 ಕಣ್ಣಿಗೆ ಮರಳು ಬಿದ್ದ ಹಾಗೆ. ಪುಟ ನಿಲ್ಲಿಸಿ ಓದು, ತಳ್ಳು, ಮತ್ತೆ ನಿಲ್ಲಿಸು. ಒಂದು ಪುಸ್ತಕದ ಮುನ್ನುಡಿಯಲ್ಲಿ 'ವಿರುದ್ದ' ಹಾಗೇ ಅಚ್ಚಾಗಿ ಬಂತು. ತಪ್ಪು ಪರದೆಯದಲ್ಲ, ನನ್ನದೇ. ಆದರೂ ಮರುವಾರವೇ ಸರ್ವಿಸ್ ಸೆಂಟರಿಗೆ ಹೋಗಿ ಅಸಲಿ ಪರದೆ ಹಾಕಿಸಿಕೊಂಡೆ. ಆ ಹೊತ್ತಿಗೆ ಬೆಲೆ ಸ್ವಲ್ಪ ಇಳಿದು ಎಂಟೂ ಮುಕ್ಕಾಲು ಸಾವಿರವಾಗಿತ್ತು. ಎರಡೂ ಸೇರಿದರೆ ಹನ್ನೊಂದೂವರೆ ಸಾವಿರ, ಲೆಕ್ಕ ನೀವೇ ಹಾಕಿ. ಇನ್ನು ಮುಂದೆ ಫೋನು ಕೊಳ್ಳುವಾಗ ಹರ್ಟ್ಜ್ ಎಷ್ಟು ಎನ್ನುವ ಮೊದಲು ಫೋಲ್ಡರ್ ಎಷ್ಟು ಎಂದು ಕೇಳುವವನು ನಾನು.

ಹೊಸ ಪರದೆ ಹಾಕಿಸಿ ವರ್ಷವಾಗುತ್ತಾ ಬಂತು, 120ರಲ್ಲೇ ಇಟ್ಟಿದ್ದೇನೆ. ರಾತ್ರಿ ಬೆಳಕು ತೀರಾ ತಗ್ಗಿಸಿ ಓದಿದರೆ ಕಣ್ಣು ನೋಯುತ್ತದೆ, ಅದು ಹರ್ಟ್ಜ್‌ನ ತಪ್ಪಲ್ಲ, ಅಮೊಲೆಡ್ ಬೆಳಕು ತಗ್ಗಿಸಲು ದೀಪವನ್ನೇ ಪಟಪಟನೆ ಆರಿಸಿ ಹಚ್ಚುವುದರ ಫಲ. ಬೆಳಕು ಅರ್ಧಕ್ಕಿಂತ ಮೇಲಿಟ್ಟು, ಪುಟದ ಹಿನ್ನೆಲೆ ಕಪ್ಪು ಮಾಡಿಕೊಂಡರೆ ನನಗೆ ಸರಿಹೋಗುತ್ತದೆ. ಮುಂದಿನ ತಿಂಗಳು ಬ್ಯಾಟರಿ ಬದಲಿಸಬೇಕು. ಅಮ್ಮನ ಫೋನು ಈಗಲೂ 60, ಅಕ್ಷರ ಮಾತ್ರ ಎಷ್ಟು ದೊಡ್ಡದಾಗುತ್ತೋ ಅಷ್ಟು ದೊಡ್ಡದು ಮಾಡಿಕೊಟ್ಟಿದ್ದೇನೆ. ಆ ಕಾಪಿ ಫೋಲ್ಡರ್ ಮೇಜಿನ ಡ್ರಾಯರಿನಲ್ಲಿ ಬಿದ್ದಿದೆ. ಅರ್ಧ ಬೆಲೆಗಾದರೂ ವಾಪಸ್ ತಗೋ ಎಂದು ಕೇಳಿದ್ದಕ್ಕೆ, "ಅದನ್ನ ಯಾರು ತಗೋತಾರೆ ಸಾರ್" ಎಂದ ಅದೇ ಹುಡುಗ.